ಕುತ್ತಿಗಿ ಮುರದ ಬ್ಯಾಟು

ಮತ್ತ ನಡುವ ಬಾಯಿ ಹಾಕಿದ್ರಿ. ಇದು ಮೂರನೇ ಸಲ, ಸಾವಿತ್ರೆವ್ವಾರ. 'ಇದು ಯಾಕ ಮುರೀತು, ನೋಡಿ ಹೇಳವ್ವಾ ಸಬೀನಾ' ಅಂತ ಡೋಣಿಯಿಂದ ಬಸ್ ಹತ್ತಿ ಬಂದಾವರು ನೀವು. ಹೇಳಾಕ ಹೊಂಟ್ರ 'ನನ್ನ ಮಗಳು ಎಲ್ಲಿ ನಿಂತಿದ್ದಳು, ಎಲ್ಲಿ ನಿಂತಿದ್ದಳು' ಅಂತ ಮತ್ತ ಅಲ್ಲಿಗೇ ಬರ್ತೀರಿ. ಮೊದಲು ಬ್ಯಾಟಿಂದು ಮುಗಸೂಣು. ಒಂದು ತೂತಿನ ಬೋಗುಣಿ ರಿಪೇರಿಗೆ ಬಂದ್ರೂ ಪೂರಾ ತಿರುವಿ ನೋಡದ ನಾ ಬಾಯಿ ಬಿಡೂದಿಲ್ಲ. ಇದು ಬೋಗುಣಿಕ್ಕಿಂತ ದೊಡ್ಡ ಸಾಮಾನು.

ಕುಂಡ್ರಿ. ಅಲ್ಲಿ ಬ್ಯಾಡ, ಆ ಹಂಡೇದ ಅಂಚು ಎದ್ದೈತಿ, ಸೀರಿ ಹರೀತೈತಿ. ಇಲ್ಲಿ, ಮಣಿ ಮ್ಯಾಲೆ. ಚಾ ತರಸ್ಲಿ? ಬ್ಯಾಡ? ಆತು. ನನ್ನ ಮಗಳು ಆಯೇಶಾ ಮಲಗ್ಯಾಳ, ಜರಾ ಮೆಲ್ಲಕ ಮಾತಾಡೂಣು. ನಮ್ಮನಿಯವರು ಹರ್ತಿ ಸಂತಿಗೆ ಹೋಗ್ಯಾರ. ಅಂಗಡ್ಯಾಗ ನಾ ಒಬ್ಬಾಕೀನ.

ಮುತ್ತಣ್ಣ ಕೊಟ್ಟನಂತಲ್ಲ ಇದನ್ನ. ಶಾಲಿ ಜವಾನ. ಹಳೇ ಸಾಮಾನಿನ ಖೋಲಿ ಖಾಲಿ ಮಾಡುವಾಗ ಸಿಕ್ಕಿತಂತ ಗೋಣಿಚೀಲದಾಗ ಕಟ್ಟಿ ನಿಮ್ಮ ಮನಿಗೆ ಮುಟ್ಟಿಸ್ಯಾನ. ಭಾಳ ಉಪಕಾರ ಮಾಡ್ಯಾನ ನೋಡ್ರಿ. ಗುಜರಿಯವಗ ಹಾಕಿದ್ರ ಅವಂದೇನು ಹೋಗತಿತ್ತು... ಯಾಕ ಹಂಗ ನೋಡ್ತೀರಿ? ಮುರದ ಸಾಮಾನು ಮನ್ಯಾಗ ಇಟ್ಕೋಬಾರದು, ಅದಕ್ಕಂದೆ.

ಹೂಂ. ಎರಡು ತುಂಡು. ಇದು ಹಿಡಿಕಿ. ಇದು ಹೊಟ್ಟಿ, ಚೆಂಡು ಬಡಿಯೂ ಕಡೆ. ಹೊಟ್ಟಿ ಸಣ್ಣಾಗಿ ಹಿಡಿಕಿಗೆ ಇಳೀತೈತಲ್ಲ, ಅದು ಕುತ್ತಿಗಿ. ಮುರದದ್ದು ಅಲ್ಲಿ. ಕ್ರಿಕೆಟ್ ಬ್ಯಾಟಿನಂಗ ಚಪ್ಪಟಿ ಅಲ್ಲ ಇದು, ಒನಕಿಯಂಗ ದುಂಡಗ. ಮೊದಲನೇ ದಿನ ಹೆಗಲ ಮ್ಯಾಲೆ ಇಟ್ಕೊಂಡು ಬಜಾರದಾಗ ಹಾದ್ವಿ ನಾವಿಬ್ಬರು. 'ಯಾರ ಮದವಿಗೆ ಕುಟ್ಟಾಕ ಹೊಂಟೀರ್ಲೇ?' ಅಂದ ಕಿರಾಣಿ ಅಂಗಡಿ ಹುಚ್ಚೀರಪ್ಪ. ನಿಮ್ಮ ಸ್ನೇಹಾ ನಿಂತ ಕಾಲ ಮ್ಯಾಲೆ ಹೇಳಿದ್ಲು, 'ನಿಮ್ಮ ಮಗನ ಮದವಿಗೇರಿ. ಹೆಣ್ಣು ಸಿಕ್ಕಿತೇನು?' ಅವನ ಮಗಗ ಏಳು ಊರು ತಿರುಗಿದ್ರೂ ಹೆಣ್ಣು ಸಿಕ್ಕಿದ್ದಿಲ್ಲ... ನಕ್ಕ್ರಿ ನೋಡ್ರಿ. ಹಿಂಗಿರ್ರಿ ಮತ್ತ.

ಬೇಸ್‌ಬಾಲ್ ಅನ್ನೂ ಆಟ ಐತಂತ ಈ ಊರಿಗೆ ಗೊತ್ತಾಗಿದ್ದ ಗದಗ ಜಿಲ್ಲೆ ಆದ ಮ್ಯಾಲೆ. ಅಲ್ಲೀತನಕಾ ಎಲ್ಲಾದಕ್ಕೂ ಧಾರವಾಡ. ಹೊಸ ಜಿಲ್ಲೆ ಆತು, ಎಲ್ಲಾ ಆಟಕ್ಕೂ ಹೊಸ ಜಿಲ್ಲೆದ್ದು ಒಂದೊಂದು ತಂಡ ಬೇಕಂತ ಶಾಲಿಗೆ ಕಾಗದ ಬಂತು. ಹೆಣ್ಣುಮಕ್ಕಳ ಬೇಸ್‌ಬಾಲ್ ಅಂತ ಅದ್ರಾಗ ಬರದಿತ್ತು. ನಮ್ಮ ಡ್ರಿಲ್ ಮಾಸ್ತರು ಕೊಟ್ರಪ್ಪನವರು ಎರಡು ಸಲ ಓದಿ ನಕ್ರು. ಆಡೋರ ಇಲ್ಲ ಅಂದ್ರ ಮೊದಲು ಕಲತಾಕೀನ ಜಿಲ್ಲಾ ಆಟಗಾರ್ತಿ, ಅಂದ್ರು. ಒಂಬತ್ತನೇತ್ತಾದ ಹುಡುಗ್ಯಾರನ್ನೆಲ್ಲಾ ನಿಲ್ಲಿಸಿ ಕಲ್ಲು ಒಗಸಿದ್ರು. ಎಲ್ಲಾರಿಗಿಂತ ದೂರ ಒಗದಾಕಿ ನಿಮ್ಮ ಮಗಳು. ಆ ಕಲ್ಲನ್ನ ಕೋಲಿಲೆ ಹೊಡದಾಕಿ ನಾನು.

ಬ್ಯಾಟಿಂದು ಹೇಳ್ತೀನಿ, ಹೇಳ್ತೀನಿ.

ಇದು ಜರ್ಮನ್. ಅಲ್ಯೂಮಿನಿಯಂಗೆ ನಾವು ಪಾತ್ರಿಯವರು ಹಂಗ ಅಂತೀವಿ. ಆದ್ರ ನಿಮ್ಮ ಅನ್ನದ ಬೋಗುಣಿ ಜರ್ಮನ್ ಅಲ್ಲ. ಅದು ಮೆತ್ತಂದು, ಕೈ ಜಾರಿ ಬಿದ್ರ ನೆಗ್ಗತೈತಿ. ಇದರಾಗ ಬ್ಯಾರೆ ಲೋಹ ಕೂಡಿಸಿರ್ತಾರ. ಕೂಡಿಸಿ, ಕಾಸಿ, ತಣಿಸಿ, ಕಾರಖಾನ್ಯಾಗನ ಹದಾ ಕೊಟ್ಟು ಕಳಿಸಿರ್ತಾರ. ಮುರದಲ್ಲಿ ಅಂಚು ನೋಡ್ರಿ, ಎರಡು ಎಂಟಾಣೆ ಕೂಡಿಸಿದಷ್ಟ ದಪ್ಪ. ಒಳಗೆಲ್ಲಾ ಪೊಳ್ಳು. ತೆಳ್ಳಗಿದ್ದೂ ಗಟ್ಟಿ, ಅದ ಇದರ ಜಾಣತನ. ಚೆಂಡು ಬಡದಾಗ ಹೊಟ್ಟಿ ಕೂದಲಷ್ಟು ಒಳಗ ಹೋಗಿ ವಾಪಸ್ ಬರತೈತಿ, ಬರುವಾಗ ಚೆಂಡನ್ನ ಒದ್ದು ಕಳಸತೈತಿ. ಅದಕ್ಕ ಕಟ್ಟಿಗಿ ಬ್ಯಾಟಿಕ್ಕಿಂತ ಇದರಾಗ ಚೆಂಡು ದೂರ ಹೊಕ್ಕೈತಿ. ಹಗುರ ಇರೂದಕ್ಕ ತಿರಗೂದೂ ಜಲ್ದಿ. ತುದಿಯಿಂದ ಒಂದು ಗೇಣು ಬಿಟ್ಟು ಒಂದು ಜಾಗಾ ಐತಿ, ಇಲ್ಲಿ, ಬೆರಳಿಡ್ರಿ. ಚೆಂಡು ಇಲ್ಲಿ ಬಡೀತಂದ್ರ ಕೈಗೆ ಖಬರ ಇರೂದಿಲ್ಲ, ಬೆಣ್ಣಿಗೆ ಹೊಡದಂಗ. ನಾಲ್ಕು ಬೆರಳು ತಪ್ಪಿತಂದ್ರ ಮೊಣಕೈ ಮಟಾ ಝುಮ್ ಅಂತೈತಿ.

ಕುಂದು ಇಲ್ಲಂತಲ್ಲ. ಭಾರ ತುದಿ ಕಡೆ ಜಾಸ್ತಿ ಇಟ್ಟಾರ. ಗಂಡಸರ ಮುಂಗೈಗೆ ಮಾಡಿದ್ದು, ಹದಿನಾಲ್ಕು ವರ್ಷದ ಹುಡುಗ್ಯಾರಿಗೆ ಅಲ್ಲ. ಹಿಡಿಕಿ ತುದಿಗೆ ಗುಂಡಿ ಐತಲ್ಲ, ಕೈ ತಡಿಯಾಕ, ಅದು ಭಾಳ ಸಣ್ಣದಾತು. ಬೆವತ ಕೈಯಾಗ ಜಾರತಿತ್ತು. ಅದಕ್ಕ ಸೈಕಲ್ ಟ್ಯೂಬ್ ಕೊಯ್ದು ಪಟ್ಟಿ ಮಾಡಿ ಹಿಡಿಕಿಯಿಂದ ಕುತ್ತಿಗಿ ಮಟಾ ಸುತ್ತಿದ್ವಿ. ಸುತ್ತಿದ್ದೆ... ನಾನ ಸುತ್ತಿದ್ದೆ.

ದನಿ? ದನಿ ಕೇಳಿ ಏನು ಮಾಡ್ತೀರಿ?

ಬಾರಿಸಿ ತೋರಸೂದಿಲ್ಲ. ಮುರದದ್ದನ್ನ ಬಾರಿಸಿದ್ರ ಏನೂ ತಿಳಿಯೂದಿಲ್ಲ... ಹೊಸಾದಿದ್ದಾಗ ಟಣ್ ಅಂತಿತ್ತು, ಗಂಟಿಯಂಗ. ಶಾಲಿ ಹಿಂದಿನ ಓಣಿಗೆ ಕೇಳತಿತ್ತು. ಕಡೀ ಹದಿನೈದು ದಿನ ಟಪ್ ಅನ್ನಾಕತ್ತು. ಸೀಳಿದ ಗಡಿಗಿ ಬಾರಿಸಿದಂಗ. ದಿನಾ ನಲವತ್ತು ಪಾತ್ರಿ ಬಾರಸ್ತೀನಿ ಇಲ್ಲಿ, ಒಡಕು ಎಲ್ಲೈತಿ ಅಂತ ದನೀನ ಹೇಳತೈತಿ ನಮಗ. ಮೂವತ್ತೊಂಬತ್ತು ಪಾತ್ರಿ ಪಾತ್ರಿಯಂಗ ಅಂತಾವ. ಒಂದು ಮಾತ್ರ ಇದರಂಗ ಅಂತೈತಿ. ಅದನ್ನ ಕೆಳಗಿಟ್ಟು ಎದ್ದು ಹೊರಗ ಹೋಗಿಬಿಡ್ತೀನಿ. ಪಾತ್ರಿ ತಂದಾಕಿ ನಿಂತ ನಿಂತಿರ್ತಾಳ. 'ಏನ ಹುಡುಗಿ, ಪಾತ್ರ್ಯಾಗ ದೆವ್ವ ಐತೇನು?' ಅಂತ ಒಬ್ಬಾಕಿ ಕೇಳಿದ್ಲು. ಹೌದು, ನಿಮ್ಮ ಕೈ ಅಡಗಿ ಉಂಡು ಸತ್ತವರದು, ಅಂದೆ. ಮತ್ತ ಬರಲಿಲ್ಲ ಆಕಿ.

ನಗಲಿಲ್ಲಲ್ಲ ನೀವು.

ಆತು, ನನ್ನ ಮಾತು ಇಷ್ಟ ಐತಿ. ಆಟಕ್ಕ ಚಲೋ ಇತ್ತು. ಮಾಲು ಖೊಟ್ಟಿ ಇತ್ತು. ಹದಾ ಸರಿ ಬಿದ್ದಿರಲಿಲ್ಲ, ಕುತ್ತಿಗ್ಯಾಗ ಮೊದಲ ಸೀಳಿತ್ತು, ಮುರೀತು. ಕಟ್ಟಿಗಿ ಬ್ಯಾಟು ಮುರಿಯುವಾಗ ಚರ್ ಅಂತ ಹೇಳಿ ಮುರೀತೈತಿ. ಇದು ಹೇಳೂದಿಲ್ಲ.

ಮತ್ತ ಅದ ಮಾತು. ಹತ್ತು ವರ್ಷದ ಹಿಂದ ಏನು ಹೇಳೀನೋ ಅದ ಹೇಳ್ತೀನಿ. ಮರುದಿನ ಗದಗಕ್ಕ ತಂಡದ ಆಯ್ಕೆಗೆ ಹೋಗೂದಿತ್ತು. ಮಾಸ್ತರು ಆಫೀಸಿನ್ಯಾಗಿದ್ರು, ಮೈದಾನದಾಗ ನಾವಿಬ್ಬರ. ಆಕಿ ಚೆಂಡು ಒಗ್ಯಾಕಿ, ನಾ ಹೊಡ್ಯಾಕಿ. ಒಗ್ಯಾಕಿ ಎಲ್ಲಿ ನಿಂದ್ರಬೇಕಂತ ಮಾಸ್ತರು ಹೆಜ್ಜಿ ಅಳದು ಒಂದು ಇಟ್ಟಿಗಿ ಹುಗದಿದ್ರು. ಸ್ನೇಹಾ ಇಟ್ಟಿಗಿ ಬಿಟ್ಟು ಮುಂದ ಬಂದು ಒಗ್ಯಾಕತ್ತಿದ್ಲು. ಹಿಂದ ಸರೀಲೇ ಅಂದೆ, ಕೇಳಲಿಲ್ಲ. ಬ್ಯಾಟು ಮುರೀತು, ಈ ಹೊಟ್ಟಿ ಹಾರಿ ಹೋಗಿ ಆಕಿ ಕಣತಲಿಗೆ ಬಡೀತು. ಇಟ್ಟಿಗಿ ಮ್ಯಾಲೆ ನಿಂತಿದ್ರ ತಪ್ಪಿಸ್ಕೋತಿದ್ದಳು. ಮಾಸ್ತರಿಗೆ ಇದ ಹೇಳೀನಿ, ಪೊಲೀಸರಿಗೆ ಇದ ಹೇಳೀನಿ, ನಿಮ್ಮ ಪಡಸಾಲ್ಯಾಗ ಮಣ್ಣಿನ ದಿನ ನಿಮ್ಮ ಕಾಲು ಹಿಡದು ಇದ ಹೇಳೀನಿ. ಮತ್ತ ಮತ್ತ ಕೇಳಿದ್ರ ಮಾತು ಬ್ಯಾರೆ ಆಗತೈತೇನು?

ಅದೇನು ಮಾಡ್ತೀರಿ? ಟ್ಯೂಬ್ ಬಿಚ್ಚಬ್ಯಾಡ್ರಿ. ಒಣಗಿ ಚಕ್ಕಿಯಾಗೇತಿ, ಉಗರಾಗ ಹೊಕ್ಕೊಂತೈತಿ. ಬಿಡ್ರಿ, ನನಗ ಕೊಡ್ರಿ ಇಲ್ಲಿ... ಕೈ ಎಷ್ಟು ಗಟ್ಟಿ ಐತಿ ನಿಮ್ಮದು.

ಕಲೆ ಅದು. ಮಸಿ ಇರಬೇಕು. ಹತ್ತು ವರ್ಷ ಖೋಲ್ಯಾಗ ಬಿದ್ದದ್ದಕ್ಕ ಕಲೆ ಬೀಳೂದಿಲ್ಲೇನು?

ಉಗುಳು ಹಚ್ಚಿ ತಿಕ್ಕಿದ್ರ ಏನಾತು, ಸುಟ್ಟ ಸಬಕಾರ ಹಂಗ ಹೋಗೂದಿಲ್ಲ ಅದು.

...

ಏನು?

ನಾ ಏನಂದೆ ಈಗ?

ಸಬಕಾರ ಅಂದ್ನೇನು... ಬಾಯಿಗೆ ಬಂತು ಅಂದೆ. ಪಾತ್ರಿ ಅಂಗಡ್ಯಾಗ ಕುಂತಾಕೀಗೆ ಎಲ್ಲಾ ಕಲೇನೂ ಸಬಕಾರದಂಗ ಕಾಣಸತಾವು. ಹಂಗ ನೋಡಬ್ಯಾಡ್ರಿ ನನ್ನ. ಏನರ ಅನ್ರಿ. ಇಷ್ಟೊತ್ತು ಮಾತಿಗೆ ಮಾತು ಕಡದ್ರಿ, ಈಗ್ಯಾಕ ಬಾಯಿ ಹೊಲಕೊಂಡ್ರಿ? ಎಲ್ಲಿ ನಿಂತಿದ್ದಳು ಅಂತ ಕೇಳ್ರಿ ಮತ್ತ. ಕೇಳ್ರಿ, ಹೇಳ್ತೀನಿ.

ಅವ್ವಾರ.

ಜರ್ಮನ್ ಕಾದ್ರ ಕೆಂಪಗಾಗೂದಿಲ್ರಿ. ಕಬ್ಬಿಣ ಆದ್ರ ಬಣ್ಣ ನೋಡಿ ತಿಳೀತೈತಿ. ಇದು ಬೆಳ್ಳಗ ಇದ್ದಂಗ ಇದ್ದು ಒಮ್ಮೆಲೇ ಕರಗಿ ಕುಂಡ್ರತೈತಿ. ಅದಕ್ಕ ನಮ್ಮ ಅಬ್ಬಾ ಮರ್ದಾನಸಾಬ, ಅವರ ಅಬ್ಬಾ, ಎಲ್ಲಾರೂ ಮಾಡೂದು ಒಂದ. ನೆಗ್ಗಿದ ಕಡೆ ಅರಿವಿ ಒಗಿಯೂ ಸಬಕಾರಲೆ ಒಂದು ಗೆರಿ ಎಳೀಬೇಕು, ಭಟ್ಟಿ ಮ್ಯಾಲೆ ಹಿಡೀಬೇಕು. ಗೆರಿ ಕರ್ರಗಾತಂದ್ರ ಲೋಹ ಮೆತ್ತಗಾತಂತ ಅರ್ಥ. ತಗದು ಒಳಗಿಂದ ಬಡದು ನೆಗ್ಗು ಎತ್ತಬೇಕು. ಎಂಟು ವರ್ಷದಾಕಿ ಇದ್ದಾಗಿಂದ ನೋಡೀನಿ ನಾನು.

ಬ್ಯಾಟಿಗೆ ನೆಗ್ಗು ಬಿದ್ದಿತ್ತು. ನಾನ ಕೆಡವಿದ್ದು. ಚೆಂಡು ಗಟಾರದಾಗ ಹೋತಂತ ಕಲ್ಲು ಒಗಿಯಾಕ ಹಚ್ಚಿದೆ ಸ್ನೇಹಾಗ. ಬ್ಯಾಡಲೇ ಅಂದ್ಲು ಆಕಿ, ಅಂಜುಬುರುಕಿ ಅಂದೆ, ಒಗದ್ಲು. ಲಿಂಬಿಹಣ್ಣಷ್ಟು ತಗ್ಗು ಬಿತ್ತು. ಒಂದ ಬ್ಯಾಟು ಶಾಲಿಗೆಲ್ಲಾ. ಇದಕ್ಕ ಏನರ ಆದ್ರ ಕೆಡಸಿದಾಕಿ ಹೆಸರು ತಂಡದಾಗಿರೂದಿಲ್ಲ ಅಂತ ಮಾಸ್ತರು ಮೊದಲ ಹೇಳಿದ್ರು. ನನಗ ಆ ಗದಗ ಬಸ್ಸು ಹತ್ತೂದಿತ್ತು ಅವ್ವಾರ. ಹತ್ತನೇತ್ತ ಆದ ಮ್ಯಾಲೆ ಮದವಿ ಅಂತ ಮನ್ಯಾಗ ಮಾತು ನಡದಿತ್ತು. ಬಸ್ಸು ಅಂದ್ರ ಅದೊಂದ ಬಸ್ಸು ನನಗ.

ಅಬ್ಬಾ ಜುಮ್ಮಾ ನಮಾಜಿಗೆ ಹೋದಾಗ ಭಟ್ಟಿ ಊದಿದೆ. ಸಬಕಾರ ಎಳದೆ. ತುದಿ ಮುಚ್ಚಳ ಕಿತ್ತು ಒಳಗ ಸಲಾಕಿ ಹಾಕಿ ಬಡದೆ. ಎಷ್ಟು ಚೆಂದ ಬಂತಂದ್ರ, ನೆಗ್ಗು ಇತ್ತಂತ ಅಬ್ಬಾನೂ ಹುಡುಕೂದಿಲ್ಲ ಅಂದ್ಕೊಂಡೆ. ಸಬಕಾರದ ಗೆರಿ ಕುತ್ತಿಗಿ ಮಟಾ ಎಳದಿದ್ದೆ, ಬೆಂಕೀನೂ ಅಲ್ಲೀ ಮಟಾ ಹೋಗಿತ್ತು, ಅಲ್ಲಿ ಕಲೆ ಉಳೀತು. ಅದರ ಮ್ಯಾಲೆ ಟ್ಯೂಬ್ ಸುತ್ತಿದೆ. ಬೋಗುಣಿಗೆ ಏನೂ ಆಗೂದಿಲ್ಲ ಕಾಸಿದ್ರ. ಹದಾ ಕೊಟ್ಟ ಲೋಹ ಕಾಸಿದ್ರ ಹದಾ ಹೋಗಿಬಿಡತೈತಂತ ನನಗ ಯಾರು ಹೇಳಿದ್ರು? ಅಬ್ಬಾ ಹೇಳಿದ್ರು, ಎಲ್ಲಾ ಮುಗದ ಮ್ಯಾಲೆ. 'ಕಾಸಿದ್ಯೇನು?' ಅಂದ್ರು ಒಂದ ಸಲ. ಇಲ್ಲ ಅಂದೆ. ಸಾಯೂತನಕ ಮತ್ತ ಕೇಳಲಿಲ್ಲ ಅವರು.

ಆಕಿ ಕೇಳಿದ್ಲು. ಸ್ನೇಹಾ. 'ಇದರ ದನಿ ಯಾಕೋ ಬ್ಯಾರೆ ಆಗೇತಲ್ಲಲೇ' ಅಂದ್ಲು. ಕಿವಿ ತೊಳಕೊಂಡು ಬಾ ಅಂದೆ. ಖರೇನ ನಳದ ಕಡೆ ಹೋಗಿ ತೊಳಕೊಂಡು ಬಂದ್ಲು, ನಕ್ಕೊಂತ, ಕಿವಿಯಿಂದ ನೀರು ಸುರಸ್ಕೊಂತ. ಹಂಗ ಕಾಣಸ್ತಾಳ ನನಗ. ರಕ್ತ ಕಾಣಸೂದಿಲ್ರಿ. ನೀರು ಸುರಸ್ಕೊಂತ ಬರ್ತಾಳ, ಈಗ ಸರಿ ಕೇಳತೈತಿ ಹೊಡೀ ಅಂತಾಳ. ಆ ಶಾಲಿ ಮುಂದ ಹಾಯೂದಿಲ್ಲ ನಾನು. ಆಯೇಶಾನ ಬ್ಯಾರೆ ಶಾಲಿಗೆ ಹಾಕೀನಿ, ಎರಡು ಓಣಿ ಸುತ್ತಾಗತೈತಿ.

ಇನ್ನೂ ಆ ಕಲೆ ತಿಕ್ಕಾಕತ್ತೀರಿ.

ಇಟ್ಟಿಗಿ ಮ್ಯಾಲೆನ ನಿಂತಿದ್ದಳ್ರಿ. ಎರಡೂ ಕಾಲು ಇಟ್ಟಿಗಿ ಮ್ಯಾಲೆ. ಒಂದು ಬೆರಳೂ ಮುಂದ ಬಂದಿರಲಿಲ್ಲ. ನಾ ಹಿಂದ ಸರಿ ಅನ್ನಲೂ ಇಲ್ಲ. ಯಾರರ ಬ್ಯಾಟು ಬಿಚ್ಚಿ ನೋಡ್ತಾರಂತ ಅಂಜಿ ಆಕಿ ಮ್ಯಾಲೆ ಹಾಕಿದೆ. ಸತ್ತಾಕಿ ಏನು ಎದ್ದು ಬಂದು ಇಲ್ಲ ಅಂತಾಳೇನು ಅಂತ... ತಪ್ಪು ನನ್ನದು. ಆಕಿದಲ್ಲ. ಆಕೀದು ಏನೇನೂ ಇರಲಿಲ್ಲ.

ಬೈರಿ. ಆ ಹಿಡಿಕಿ ನಿಮ್ಮ ಕೈಯಾಗ ಐತಿ, ಹೊಡೀರಿ. ಓಣಿ ಮಂದೀನ್ನೆಲ್ಲಾ ಕರೀರಿ, ನಾ ಬಾಗಲಾ ಹಾಕೂದಿಲ್ಲ. ಎಲ್ಲಿಗೆ ಏಳ್ತೀರಿ? ಕುಂಡ್ರಿ... ನೀರು ಕುಡೀರಿ ಒಂದು ಗುಟುಕು.

ಏನಂದ್ರಿ? ಕೇಳಸಲಿಲ್ಲ.

ಫೋಟೋ ಮುಂದ... ದಿನಾನೂ? ಹೂ ಏರಿಸಿ ದೀಪಾ ಹಚ್ಚಿದ ಮ್ಯಾಲೆ... ಬೈತಿದ್ರಿ? ಆಕಿಗೆ? 'ಹಿಂದ ಸರಿ ಅಂದ್ರ ಸರೀಲಿಲ್ಲ, ಹಟಮಾರಿ, ಹೇಳಿದ ಮಾತು ಕೇಳದಾಕಿ, ನಿನ್ನ ಜೀವಾ ನೀನ ತಿಂದಿ' ಅಂತ... ಹತ್ತು ವರ್ಷ...

ಅವ್ವಾರ, ನನ್ನ ಮಾರಿ ನೋಡಬ್ಯಾಡ್ರಿ. ಬೈದದ್ದನ್ನೆಲ್ಲಾ ಆಕಿ ಕಡಿಂದ ಈಗ ಹೆಂಗ ವಾಪಸ್ ಇಸ್ಕೊಳ್ಳಲಿ ಅಂತ ನನ್ನ ಕೇಳ್ತೀರಿ?