ಕಾಪಿ ಮಾಡಲು ಬಾರದ ಸಂದೇಶ

ಸೋಫಿಯಾ ನಗರದ ಟ್ರಾಮ್ ನಿಲ್ದಾಣದಲ್ಲಿ ನನ್ನ ಹಿಂದೆ ಇಬ್ಬರು ಚೀಸ್ ತುಂಬಿದ ಬಿಸಿ ಬಾನಿತ್ಸಾ ತಿನ್ನುತ್ತಾ ಜಗಳವಾಡುತ್ತಿದ್ದರು. ಆಸ್ಪತ್ರೆಗಳ ಕಂಪ್ಯೂಟರುಗಳಿಗೆ ಚಾಟ್ ತಂತ್ರಾಂಶ ಬರೆದುಕೊಡುವವರೆಂದು ಮಾತಿನಿಂದಲೇ ತಿಳಿಯಿತು.

"ಹಟ ಬಿಡೇ, ರಾದೋಸ್ತಿನಾ. ಮೆಸೇಜನ್ನ ಚಿತ್ರ ಮಾಡಿ ತೋರಿಸಿದ್ರೆ ದಪ್ಪಕ್ಷರ, ಬಣ್ಣ ಎಲ್ಲಾ ನೆಟ್ಟಗೆ ಕೂರತ್ತೆ."

"ಕೂರತ್ತೆ, ಝ್ಲಾತ್ಕೋ ಅಣ್ಣ. ಆದ್ರೆ ಒಂದಕ್ಷರಾನೂ ಕಾಪಿ ಮಾಡಕ್ಕಾಗಲ್ಲ."

"ನೋಡ್ಕೊಂಡು ಟೈಪ್ ಮಾಡ್ಲಿ."

"ಔಷಧಿ ಅಳತೆನಾ? ನರ್ಸು ಒಂದು ಸೊನ್ನೆ ಜಾಸ್ತಿ ಒತ್ತಿದ್ರೆ ನೀವು ಹೋಗಿ ಉತ್ತರ ಹೇಳ್ತೀರಾ?"

"ಇವತ್ತು ಯಜಮಾನರಿಗೆ ತೋರಿಸ್ಬೇಕು. ನಿನ್ನ ಅಕ್ಷರ ಪರದೆ ಮೇಲೆ ಕುಣೀತಾವೆ!"

"ಕುಣೀಲಿ. ಮೌಸ್ ಎಳೆದ್ರೆ ಸಿಗ್ತಾವಲ್ಲ, ಸಾಕು."

"ಕೆಲಸದಿಂದ ತೆಗೀತಾರೆ."

"ತೆಗೀಲಿ. ಚಿತ್ರ ಮಾಡೋ ಕೋಡನ್ನ ಬೆಳಿಗ್ಗೇನೇ ಅಳಿಸ್ಬಿಟ್ಟಿದೀನಿ. ಕೇಳಿದ್ರೆ ನಾನೇ ಅಳಿಸ್ದೆ ಅಂತೀನಿ."

ಅವನು ಅಗಿಯುವುದನ್ನೇ ನಿಲ್ಲಿಸಿದ. ಅಷ್ಟರಲ್ಲಿ ಟ್ರಾಮ್ ಬಂತು. ಪರೀಕ್ಷೆಗೆ ಹೊರಟ ಮಕ್ಕಳಿಗೆ ಒಳ್ಳೆಯದಾಗಲೆಂದು ನಮ್ಮ ಈ ಊರ ಕಡೆ ನಾವು ಹೊಸ್ತಿಲಲ್ಲಿ ನೀರು ಚೆಲ್ಲುತ್ತೇವಲ್ಲ, ಹಾಗೆ ಅವನು ಬಾಟಲಿಯ ನೀರನ್ನು ಅವಳ ಕಾಲ ಮುಂದೆ ಚೆಲ್ಲಿದ.

"ನಡಿ, ಮೊಂಡಿ. ಬೈಸ್ಕೊಳ್ಳೋಕೆ ನಾನೂ ಬರ್ತೀನಿ."

ಇಬ್ಬರೂ ಹತ್ತಿ ಹೋದರು.