ಆರ್ಡಿಸ್ ಎತ್ತಿದ ಚೀಟಿ

ಅಮೆರಿಕದ ಡುಲೂತ್ ಊರಿನ ಲೈಬ್ರರಿಯ ಎದುರಿನ ಬಸ್ ಸ್ಟಾಪಿನಲ್ಲಿ ಇಬ್ಬರು ಅಜ್ಜಿಯರು ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಿದ್ದರು. ವಿದೇಶಾಂಗ ನೀತಿಯ ಮಂಗಳವಾರದ ಚರ್ಚೆ ಮುಗಿಸಿ ಬಂದವರು; ಅಲ್ಲಿ ಯಾರು ಯಾವ ಪಕ್ಷ ವಾದಿಸಬೇಕೆಂದು ಚೀಟಿ ಎತ್ತಿ ನಿರ್ಧರಿಸುತ್ತಾರೆ.

"ಚೀಟಿ ಎತ್ತಿದಾಗ ನಿನ್ ಮುಖ ನೋಡ್ಬೇಕಿತ್ತು ಆರ್ಡಿಸ್, ಹರಳೆಣ್ಣೆ ಕುಡಿದೋರ ಥರ."

"ಇನ್ನೇನು ಮತ್ತೆ? ಬೇರೆ ದೇಶಕ್ಕೆ ಬಂದೂಕು ಮಾರ್ಬೇಡಿ ಅಂತ ನಲವತ್ತು ವರ್ಷ ಬೀದೀಲಿ ಧರಣಿ ಕೂತೋಳು ನಾನು. ಮಾರ್ಬೇಕು ಅಂತ ವಾದಿಸೋ ಚೀಟಿ ನಂಗೇ ಬರ್ಬೇಕಾ?"

"ವಾದಿಸ್ದೆಯಲ್ಲ, ಅದೂ ಮೇಜು ಕುಟ್ಟಿ."

"ಚೀಟಿ ಬಂದ್ಮೇಲೆ ನೆಟ್ಟಗೆ ವಾದಿಸ್ಬೇಕಲ್ವೇನೇ."

"ಹದಿನಾಲ್ಕು ಜನ್ರಲ್ಲಿ ಹದಿಮೂರು ಕೈ ನಿನ್ ಕಡೆ."

"ಎತ್ತದೆ ಇದ್ದೋಳು ನಾನೊಬ್ಳೇ. ಲವಾನ್, ನನ್ ಪಕ್ಕ ಬೀದೀಲಿ ಕೂತಿದ್ದ ನೀನೂ ಎತ್ತಿದೆಯಲ್ಲೇ."

"ಏನ್ಮಾಡ್ಲಿ, ನೀನು ಹೇಳಿದ್ದು ಹಾಗಿತ್ತು. ಈಗ ಗೆದ್ದೋರೇ ತಮ್ಮ ವಾದಾನ ಸೆನೆಟರಿಗೆ ಕಾಗದದಲ್ಲಿ ಬರೀಬೇಕು, ನೆನಪಿದೆ ತಾನೆ?"

"ಬರೀತೀನಿ. ಮಾರನೇ ದಿನ ಇನ್ನೊಂದು ಬರೀತೀನಿ."

"ಏನಂತ?"

"ನಿನ್ನೆ ಆರ್ಡಿಸ್ ಅನ್ನೋ ಮುದುಕಿ ಬರೆದಿದ್ದನ್ನ ನಂಬಬೇಡಿ, ಅವಳು ಭಾರೀ ಮಾತುಗಾರ್ತಿ ಅಂತ."

ಬಸ್ ಬಂತು. ನಗುವಿನಲ್ಲಿ ಇಬ್ಬರಿಗೂ ಮೆಟ್ಟಿಲು ಹತ್ತಲಾಗಲಿಲ್ಲ. ಡ್ರೈವರ್ ಕೈ ಹಿಡಿದು ಹತ್ತಿಸಿದ. ಬಾಗಿಲು ಮುಚ್ಚುವ ಮೊದಲು ಲವಾನ್ ದನಿ ಕೇಳಿಸಿತು.

"ಎರಡನೇದಕ್ಕೆ ನನ್ ಸಹೀನೂ ಹಾಕ್ಸು."