ಸೇತುವೆ ಕೆಳಗಿನ ಮೆಟ್ಟಿಲು

ಶ್ರೀರಂಗಪಟ್ಟಣದಲ್ಲಿ ಚಿನಕುರಳಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಗಂಡ ಹೆಂಡತಿ, ಇಬ್ಬರ ಮೈಮೇಲೂ ಒದ್ದೆ ಬಟ್ಟೆ. ನಾನೇನೂ ಕದ್ದು ಕೇಳಲಿಲ್ಲ, ಬೆಂಚೇ ಅಷ್ಟು ಚಿಕ್ಕದು.

"ಮೊದ್ಲು ನಮ್ಮಪ್ಪನ ಬೂದಿ, ಆಮೇಲೆ ನಮ್ಮವ್ವಂದು, ಮಾವಂದು, ಇವತ್ತು ಅತ್ತೇದು. ಈ ಊರ್ಗೆ ಇನ್ಯಾತಕ್ಕಾದ್ರೂ ಬಂದಿದ್ದೀವಾ ನಾವು?" ಅಂದಳು ಹೆಂಡತಿ.

"ಇನ್ಯಾತಕ್ಕೆ ಬರಾನ?"

"ನೋಡಕ್ಕೆ. ದೇಶದ ಜನವೆಲ್ಲ ಬತ್ತಾರಲ್ಲ."

"ಕ್ವಾಟೆ ನೋಡ್ಬೇಕಾ ನಿಂಗೆ?"

"ಕ್ವಾಟೆ ಯಾರಿಗ್ ಬೇಕು? ಸೇತುವೆ ಮ್ಯಾಲೆ ಬಸ್ಸು ಬರುವಾಗ ಕೆಳಗೆ ಮೆಟ್ಲು ಕಾಣ್ತವೆ. ಆಲದ ಮರದ ನೆಳ್ಳು. ಒಂದು ನರಪಿಳ್ಳೆನೂ ಇರಕಿಲ್ಲ. ಅಲ್ಲಿ ನೀರಿಗೆ ಕಾಲು ಬುಟ್ಕೊಂಡು ನಿಮ್ ಜೊತೆ ಕೂತ್ಕಬೇಕು ಅಂತ, ಮದ್ವೆ ಆದಾಗಿಂದ ಆಸೆ."

"ಬೂದಿ ಬುಟ್ಮೇಲೆ ಸೀದಾ ಮನೆಗೆ ಓಗ್ಬೇಕು ಕಣೆ, ಪುಟ್ಗೌರಿ. ಮುಂದಿನ್ಸಾರಿ ಬಂದಾಗ ನೋಡಾನ."

"ಹಿರೀಕರೆಲ್ಲ ಮುಗಿದ್ರು. ಮುಂದಿನ್ಸಾರಿ ನಮ್ಮಿಬ್ರಲ್ಲಿ ಒಬ್ರು ಇನ್ನೊಬ್ರನ್ನ ಮಡಕೇಲಿ ತರೋದೇಯ."

ಬಸ್ಸು ಬಂತು, ಜನ ನುಗ್ಗಿದರು. ಅವನು ಚೀಲ ಹೆಗಲಿಗೆ ಹಾಕಿಕೊಂಡು ಎದ್ದು ನಿಂತ.

"ಆ ಮೆಟ್ಲು ಸೇತುವೆಗೆ ಎಡಕ್ಕೋ, ಬಲಕ್ಕೋ?"

ಆಯಮ್ಮ ಆಗಲೇ ಸೇತುವೆ ಕಡೆಗೆ ನಡೆದಾಗಿತ್ತು.